ವೈನಿ ಕರಗಿಹೋದ ಚಳಿಗಾಲ

ಕಳೆದ ತಿಂಗಳು ಗಿಣಿಗೇರಾಕ್ಕೆ ಹೋಗಿದ್ದೆ. ಅಣ್ಣನ ಮನೆಯ ಓಣಿಗೆ ತಿರುಗುತ್ತಿದ್ದಂತೆ ಪಂಚಾಯಿತಿಯ ಇಬ್ಬರು ಗಟಾರದ ಗುಂಟ ಬ್ಲೀಚಿಂಗ್ ಪೌಡರ್ ಉದುರಿಸುತ್ತ ಬರುತ್ತಿದ್ದರು. ಮಳೆ ನಿಂತ ಮೇಲೆ ಸೊಳ್ಳೆ ಹೆಚ್ಚಾದಾಗ ಮಾಡುವ ಕೆಲಸ. ಓಣಿಯಲ್ಲಿ ಯಾರೂ ಮೂಗು ಕೂಡ ಮುಚ್ಚಿಕೊಳ್ಳಲಿಲ್ಲ. ನಾನು ಮಾತ್ರ ಮೂಗು ಮುಚ್ಚಿಕೊಂಡೆ. ಹೈದರಾಬಾದಿನ ಪ್ರಯೋಗಾಲಯವೊಂದರಲ್ಲಿ ಕೆಲಸ ಮಾಡುವ ನನಗೆ ಬ್ಲೀಚ್ ವಾಸನೆ ಹೊಸದೇನಲ್ಲ, ದಿನವೂ ಅದರಲ್ಲೇ ಇರುತ್ತೇನೆ. ಆದರೆ ಆ ಓಣಿಯಲ್ಲಿ, ಆ ಬಾಗಿಲ ಮುಂದೆ ಅದು ಮೂಗಿಗೆ ಬಡಿದರೆ ಬೇರೆಯೇ ಆಗುತ್ತದೆ. ಗೋಡೆಗೆ ಕೈಕೊಟ್ಟು ನಿಂತೆ. ವೈನಿ ಹೋದ ಆ ಚಳಿಗಾಲ ಕಣ್ಣ ಮುಂದೆ ಬಂತು.

ವೈನಿ ಎಂದರೆ ನನ್ನ ಅಣ್ಣ ಈರಣ್ಣನ ಹೆಂಡತಿ ಗಿರಿಜಾ. ಯಲಬುರ್ಗಾ ಕಡೆಯ ಎರೆಹೊಲದ ಮನೆತನದವರು. ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ ಮದುವೆಯಾಗಿ ನಮ್ಮ ಮನೆಗೆ ಬಂದರು. ಅಣ್ಣನಿಗೆ ಊರ ಪಕ್ಕದ ಉಕ್ಕಿನ ಕಾರ್ಖಾನೆಯಲ್ಲಿ ಕ್ರೇನ್ ನಡೆಸುವ ಕೆಲಸ, ವಾರಕ್ಕೊಮ್ಮೆ ಬದಲಾಗುವ ಪಾಳಿ. ವೈನಿ ಮುಂದಿನ ಖೋಲಿಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ಓಣಿಯ ಹೆಂಗಸರ ಜಂಪರು ಹೊಲಿಯುತ್ತಿದ್ದರು. ಕಾರ್ಖಾನೆಯ ಕರಿ ಧೂಳು ಹೊಸ ಬಟ್ಟೆಯ ಮೇಲೆ ಕೂಡಬಾರದೆಂದು ಬೇಸಿಗೆಯಲ್ಲೂ ಕಿಟಕಿ ಮುಚ್ಚಿಕೊಂಡು ಬೆವರುತ್ತ ಕೂಡುವರು. ಸಿಟ್ಟು ಬೇಗ, ನಗುವೂ ಬೇಗ. ನಾನು ಎಂಎಸ್ಸಿ ಮುಗಿಸಿ ಸಂಶೋಧನೆಗೆ ಹೈದರಾಬಾದಿಗೆ ಹೋಗುತ್ತೇನೆಂದಾಗ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡರು. "ಹೋಗ್ಲಿ ಬಿಡ್ರಿ. ಇಷ್ಟ ಕಲತಾಕಿ ಮೂಲ್ಯಾಗ ಕುಂದರಬೇಕೇನು?" ಎಂದವರು ವೈನಿ ಒಬ್ಬರೇ.

ಗಣಪತಿ ಹಬ್ಬ ಮುಗಿದ ಮೇಲೆ ಅವರ ಮಗಳು ಪೂರ್ಣಿಮಾ ಫೋನು ಮಾಡಿದಳು. ಹಿಂದಿನ ವರ್ಷವಷ್ಟೇ ಅವಳನ್ನು ಗಂಗಾವತಿಗೆ ಕೊಟ್ಟಿದ್ದರು. ಈಗ ಬಸುರಿ.

"ಸುಜಾತತ್ತಿ, ಒಂದ ಮಜಾ ಕೇಳ್ರಿ. ಅವ್ವ ಒಂದ ಜಂಪರಕ್ಕ ಎರಡೂ ಎಡಗೈ ತೋಳು ಹಚ್ಚಿ ಕುಂತಿದ್ಲಂತ. ಬಿಚ್ಚಿ ಹೊಲದು ಮತ್ತ ಎಡಗೈದ ಹಚ್ಚ್ಯಾಳ!"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಅವಳ ದನಿ ಇಳಿಯಿತು. "ಮಾಳಗಿ ಹತ್ತೂ ಮುಂದ ಪಾವಟಗಿ ಸೊಟ್ಟ ಕಾಣ್ತಾವ ಅಂತಾಳ್ರಿ. ಅಪ್ಪ ದವಾಖಾನಿಗೆ ಕರಕೊಂಡು ಹೋಗಿದ್ದ. ಶಕ್ತಿ ಇಲ್ಲ ಅಂತ ಇಂಜೆಕ್ಷನ್ ಕೊಟ್ಟ ಕಳಿಸ್ಯಾರ."

ವಯಸ್ಸು, ಕಣ್ಣು, ರಕ್ತ ಕಡಿಮೆ ಎಂದೆಲ್ಲ ನಾನೂ ಹೇಳಿದೆ. ದೀಪಾವಳಿಗೆ ಊರಿಗೆ ಬಂದಾಗ ಬಸ್ ಸ್ಟ್ಯಾಂಡಿಗೆ ಬಂದ ಅಣ್ಣನ ಮುಖ ನೋಡಿಯೇ ತಿಳಿಯಿತು, ಇದು ಅಷ್ಟಕ್ಕೆ ನಿಲ್ಲುವುದಲ್ಲ ಎಂದು. ಮನೆಯೊಳಗೆ ವೈನಿ ಕಾಲು ಅಗಲಿಸಿ, ಗೋಡೆ ಹಿಡಿದು ನಡೆದು ಬಂದರು. ನನ್ನ ಗುರುತು ಹಿಡಿದರು. ಆದರೆ "ಯಾವಾಗ ಬಂದಿ?" ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಮತ್ತೆ ಅದನ್ನೇ ಕೇಳಿದರು. ಆಗ ಅಡಿಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ವೈನಿಯ ಇಡೀ ಮೈ ಒಮ್ಮೆಲೇ ಜಿಗಿಯಿತು. ಎರಡೂ ಕೈ ಗಾಳಿಯಲ್ಲಿ ಎಗರಿ ಬಿದ್ದವು. ಇನ್ನೊಂದು ಸೀಟಿಗೆ ಮತ್ತೆ ಹಾಗೆಯೇ.

"ಈಗೀಗ ಭಾಳ ಹೆದರಾಕತ್ತಾಳ," ಎಂದ ಅಣ್ಣ.

ಅದು ಹೆದರಿಕೆಯಲ್ಲ ಎಂದು ನನಗೆ ಗೊತ್ತಿತ್ತು. ಪುಸ್ತಕದಲ್ಲಿ ಓದಿದ್ದು, ಇಲಿಗಳಲ್ಲಿ ಕಂಡದ್ದು ನಮ್ಮ ಮನೆಯ ಪಡಸಾಲೆಯಲ್ಲಿ ನಿಂತಿತ್ತು.

ಪ್ರಯಾನ್ ಎಂಬ ಪ್ರೋಟೀನಿನ ಬಗ್ಗೆ ನಾನು ಕೆಲಸ ಮಾಡುವುದು. ಅದರ ಒಳ್ಳೆಯ ರೂಪ ನಮ್ಮೆಲ್ಲರ ನರಕೋಶಗಳ ಮೇಲೆ ಇರುತ್ತದೆ. ಯಾವಾಗಲೋ, ಯಾಕೆಂದು ಯಾರಿಗೂ ತಿಳಿಯದಂತೆ, ಅದರಲ್ಲೊಂದು ತಪ್ಪಾಗಿ ಮಡಚಿಕೊಳ್ಳುತ್ತದೆ. ಹಾಗೆ ಮಡಚಿಕೊಂಡದ್ದು ಪಕ್ಕದ್ದನ್ನೂ ತನ್ನಂತೆ ಮಡಚುತ್ತದೆ. ಅದು ಅದರ ಪಕ್ಕದ್ದನ್ನು. ವೈರಸ್ ಅಲ್ಲ, ಬ್ಯಾಕ್ಟೀರಿಯಾ ಅಲ್ಲ, ಅದಕ್ಕೆ ಜೀವವೇ ಇಲ್ಲ. ಹಾಗಾಗಿ ಕುದಿಸಿ ಕೊಲ್ಲುತ್ತೇನೆಂದರೆ ಕೊಲ್ಲಲು ಅಲ್ಲೇನೂ ಇಲ್ಲ. ಲಕ್ಷಾಂತರ ಜನರಲ್ಲಿ ಒಬ್ಬರಿಗೆ ಹೀಗಾಗುತ್ತದೆ, ಆಯಿತೆಂದರೆ ಕೆಲವೇ ತಿಂಗಳಲ್ಲಿ ಮೆದುಳು ಜಾಳಿಗೆಯಂತೆ ತೂತು ತೂತಾಗುತ್ತದೆ. ಹಾಗಂತ ದೇಹ ಸುಮ್ಮನೆ ಕೂಡುವುದಿಲ್ಲ. ಮೆದುಳಿನ ಕಾವಲಿಗಿರುವ ರೋಗನಿರೋಧಕ ಕೋಶಗಳು ಈ ಕೆಟ್ಟ ಪ್ರೋಟೀನನ್ನು ನುಂಗಿ, ಹೊಟ್ಟೆಯೊಳಗೆ ತುಂಡು ತುಂಡಾಗಿ ಕತ್ತರಿಸಿ ಕರಗಿಸುತ್ತವೆ. ನರಕೋಶಗಳೂ ತಮ್ಮೊಳಗಿನ ಈ ಕಸವನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿ ಅರಗಿಸಿಕೊಳ್ಳಲು ನೋಡುತ್ತವೆ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಇಲಿಯ ಕೋಶಗಳಿಗೆ ಇಲಿಯ ಪ್ರಯಾನ್ ಕೊಟ್ಟು, ಯಾವ ಕೋಶ ಎಷ್ಟನ್ನು ಎಷ್ಟು ಬೇಗ ಕರಗಿಸುತ್ತದೆ ಎಂದು ನೋಡುವುದೇ ನನ್ನ ದಿನದ ಕೆಲಸ. ಸೂಕ್ಷ್ಮದರ್ಶಕದಡಿ ನಿನ್ನೆ ಹೊಳೆಯುತ್ತಿದ್ದ ಚುಕ್ಕೆಗಳು ಇವತ್ತು ಮಂಕಾಗಿದ್ದರೆ ನಾವು ಒಬ್ಬರನ್ನೊಬ್ಬರು ಕರೆದು ತೋರಿಸಿಕೊಂಡು ಹಿಗ್ಗುತ್ತಿದ್ದೆವು.

ರಜೆ ಮುಗಿದರೂ ನಾನು ಹೈದರಾಬಾದಿಗೆ ವಾಪಸು ಹೋಗಲಿಲ್ಲ. ಕೊಪ್ಪಳದಲ್ಲಿ ತಲೆಯ ಸ್ಕ್ಯಾನ್ ಮಾಡಿಸಿದೆವು. ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದೆ. ಮೆದುಳಿನ ಅಂಚಿಗೆ ಯಾರೋ ಬಿಳಿ ರಿಬ್ಬನ್ ಹಚ್ಚಿದಂತಿತ್ತು. ನಾನು ಅಂಜಿದ್ದ ಗುರುತೇ ಅದು. ಅಲ್ಲಿಂದ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದೆವು. ಅಲ್ಲಿನ ನರರೋಗ ತಜ್ಞೆ ವಯಸ್ಸಾದವರು, ಅವಸರವಿಲ್ಲದ ಮಾತು. ವೈನಿಯನ್ನು ಪರೀಕ್ಷಿಸಿ, ನನ್ನ ಕೆಲಸದ ಬಗ್ಗೆ ಕೇಳಿ ತಿಳಿದು, ಅಣ್ಣನನ್ನೂ ನನ್ನನ್ನೂ ಕೂಡಿಸಿಕೊಂಡರು.

"ಎರಡರಾಗ ಒಂದು ಇರಬೇಕು. ಒಂದು, ನಿಮ್ಮ ತಂಗಿ ಅಂಜಿದ್ದು, ಪ್ರಯಾನ್. ಅದಾದ್ರ ಔಷಧ ಇಲ್ಲ. ಇನ್ನೊಂದು, ನಮ್ಮ ಮೈಯಾಗಿನ ರೋಗನಿರೋಧಕ ಕೋಶನ ದಾರಿ ತಪ್ಪಿ ಮೆದುಳಿನ ಮ್ಯಾಲೆ ಏರಿ ಹೋಗೂದು. ನೋಡಾಕ ಎರಡೂ ಭಾಳ ಹತ್ತಿರ ಹತ್ತಿರ ಕಾಣ್ತಾವ. ಎರಡನೇದಾದ್ರ ಸ್ಟೆರಾಯ್ಡ್ ಕೊಟ್ಟು ಆ ಕೋಶಗಳನ್ನ ತಡದ್ರ ಉಳಿಸಬಹುದು."

"ಉಳಿಸಬಹುದು ಅಂದ್ರಲ್ಲ, ಕೊಡ್ರಿ ಮತ್ತ," ಎಂದ ಅಣ್ಣ ಎದ್ದು ನಿಂತು.

ಬೆನ್ನುಹುರಿಯ ನೀರು ತೆಗೆದು ದೂರದ ಸಂಸ್ಥೆಗೆ ಕಳಿಸಬೇಕು, ಉತ್ತರ ಬರಲು ವಾರಗಳು ಹಿಡಿಯುತ್ತವೆ, ಅಲ್ಲಿಯವರೆಗೆ ಕಾಯುವುದೋ ಬೇಡವೋ ಎಂಬುದು ಪ್ರಶ್ನೆ. ಅಣ್ಣ ವೈನಿಯ ಹತ್ತಿರ ಹೋದ ಮೇಲೆ ನಾನು ವೈದ್ಯೆಯ ಬಳಿ ಉಳಿದೆ.

"ಮೇಡಂ, ಪ್ರಯಾನ್ ಆಗಿದ್ರ? ಅದನ್ನ ನುಂಗಿ ಕಡಿಮಿ ಮಾಡೋವು ಅವ ಕೋಶ. ಅವುಗಳ ಕೈ ನಾವ ಕಟ್ಟಿ ಹಾಕಿದಂಗ ಆಕ್ಕೈತಲ್ರಿ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ತಟ್ಟ್ಯಾಗ ಅವು ಗೆದ್ದಿರಬಹುದವಾ. ಈ ಮೆದುಳಿನ್ಯಾಗ ಸೋತಾವ, ಇಲ್ಲಂದ್ರ ನಿಮ್ಮ ವೈನಿ ಹಿಂಗ ಆಗ್ತಿರಲಿಲ್ಲ. ಮೊದಲನೇದಾಗಿದ್ರ ಸ್ಟೆರಾಯ್ಡಿಂದ ನಾವು ಕಳಕೊಳ್ಳೂದು ಭಾಳ ಏನಿಲ್ಲ. ಎರಡನೇದಾಗಿದ್ದು ನಾವು ಕೊಡಲಿಲ್ಲಂದ್ರ, ಉಳಿಯೋ ಜೀವ ಕಳಕೊಳ್ತೀವಿ."

ಹೂಂ ಎಂದೆ.

ನೀರು ತೆಗೆಯುವ ದಿನ ನಾನು ತಂತ್ರಜ್ಞನಿಗೆ ವಾರ್ಡಿನಲ್ಲೇ ನಿಂತು ಹೇಳಿದೆ: ಸೂಜಿಯನ್ನು ಮತ್ತೆ ಬಳಸಬೇಡಿ, ಸುಡಲು ಕಳಿಸಿ, ಆ ನೀರು ಚೆಲ್ಲಿದರೆ ಬರಿ ಸ್ಪಿರಿಟ್ ಸಾಲದು, ಬ್ಲೀಚ್ ಹಾಕಬೇಕು. ಹೇಳಲೇಬೇಕಾದ ಮಾತು ಅದು. ಈ ರೋಗ ಮುಟ್ಟಿದರೆ, ಜೊತೆಗೆ ಕೂತು ಉಂಡರೆ, ಹತ್ತಿರ ಮಲಗಿದರೆ ಬರುವುದಿಲ್ಲ. ಆದರೆ ಮೆದುಳಿಗೂ ಬೆನ್ನುಹುರಿಗೂ ತಾಗಿದ ಸಲಕರಣೆ ಇನ್ನೊಬ್ಬರ ಮೆದುಳಿಗೆ ಹೋಗಬಾರದು. ಪಕ್ಕದ ಮಂಚದಲ್ಲಿ ನಮ್ಮ ನೆರೆಯೂರು ಹಿಟ್ನಾಳದ ಒಬ್ಬ ಹೆಂಗಸಿನ ಮಗ ಕೂತಿದ್ದ. ನಾನು ಹೇಳಿದ್ದರಲ್ಲಿ ಅರ್ಧ ಅವನ ಕಿವಿಗೆ ಬಿತ್ತು. ಆಗ ನಾನದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಸ್ಟೆರಾಯ್ಡ್ ಕೊಟ್ಟ ಮೇಲೆ ವೈನಿಯನ್ನು ಮನೆಗೆ ಕರೆತಂದೆವು. ಒಂದು ದಿನ ಮುಂಜಾನೆ ನಾನು ಚಹಾ ಕೊಡಲು ಹೋದಾಗ ಅವರು ಹಾಸಿಗೆಯ ಮೇಲೆ ತಾವೇ ಎದ್ದು ಕೂತಿದ್ದರು.

"ಸುಜಾ, ಪೂರ್ಣಿ ಎಲ್ಲೆದಾಳ?"

ಚಹಾದ ಬಸಿ ನನ್ನ ಕೈಯಿಂದ ಬೀಳುವುದೊಂದು ಬಾಕಿ. ಅಣ್ಣ ಆಗಷ್ಟೇ ಪಾಳಿ ಮುಗಿಸಿ ಬಂದವನು, ಮೈಮೇಲಿನ ಕಾರ್ಖಾನೆ ಬಟ್ಟೆಯಲ್ಲೇ ಅವರ ಮುಂದೆ ಕುಕ್ಕರಗಾಲಿನಲ್ಲಿ ಕೂತು, "ನಾ ಯಾರು, ಹೇಳು ನೋಡೋಣ," ಎಂದ. "ಹುಚ್ಚನಂಗ ಮಾಡಬ್ಯಾಡ್ರಿ," ಎಂದು ವೈನಿ ಬೈದರು. ಅಣ್ಣ ಬೈಸಿಕೊಂಡು ಅತ್ತ.

ಅದರ ಹಿಂದೆಯೇ ಎಳ್ಳಮಾವಾಸ್ಯೆ ಬಂತು. ವೈನಿಯ ತವರಿನ ಹೊಲಕ್ಕೆ ಹೋಗಲೇಬೇಕೆಂದು ಅಣ್ಣ ಹಟ ಹಿಡಿದು ಗಾಡಿ ಗೊತ್ತು ಮಾಡಿದ. ಗಂಗಾವತಿಯಿಂದ ಪೂರ್ಣಿಮಾಳೂ ಬಂದಳು. ಬಿಳಿಜೋಳ ಎದೆಮಟ್ಟ ನಿಂತು ಗಾಳಿಗೆ ಸರಬರ ಎನ್ನುತ್ತಿತ್ತು. ಎರೆಮಣ್ಣು ಬಿರಿಯಲು ಹತ್ತಿತ್ತು. ಬನ್ನಿಗಿಡದ ನೆರಳಿಗೆ ಕಂಬಳಿ ಹಾಸಿ ವೈನಿಯನ್ನು ಕೂಡಿಸಿದೆವು. ಸಜ್ಜಿರೊಟ್ಟಿ, ಭಜ್ಜಿ, ಪುಂಡಿಪಲ್ಯ, ಎಣಗಾಯಿ, ಕಡುಬು ಎಂದು ತವರಿನವರು ಬುತ್ತಿ ಬಿಚ್ಚಿದರು. ವೈನಿ ಮಗಳ ಹೊಟ್ಟೆಯ ಮೇಲೆ ಕೈ ಇಟ್ಟು, "ಹೆಣ್ಣಾದ್ರ ಛಲೋ. ಹೊಲಿಗಿ ಕಲಸ್ತೀನಿ," ಎಂದರು. ಪೂರ್ಣಿಮಾ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಒತ್ತಿ ಹಿಡಿದುಕೊಂಡಳು.

ಅಣ್ಣ ನನ್ನನ್ನು ಬದುವಿನ ಕಡೆ ಎಳೆದುಕೊಂಡು ಹೋದ. "ಎರಡನೇದ ಐತಿ ಸುಜಾ! ಡಾಕ್ಟರು ಹೇಳಿದ್ರಲ್ಲ, ಎರಡನೇದಾದ್ರ ಉಳೀತಾಳಂತ. ಎರಡನೇದ!"

"ವರದಿ ಬರಲಿ ಅಣ್ಣ."

"ವರದಿ ಯಾಕ ಬೇಕು? ಕಣ್ಣಿಗೆ ಕಾಣಾಕತ್ತೇತಿ."

ನನಗೂ ಕಾಣುತ್ತಿತ್ತು. ನನ್ನ ಇಷ್ಟು ವರ್ಷಗಳ ಓದು ಸುಳ್ಳಾಗಲಿ, ನಾನು ಕಂಡಿದ್ದೆಲ್ಲ ತಪ್ಪಾಗಲಿ ಎಂದು ಆ ಹೊಲದಲ್ಲಿ ನಿಂತು ಬೇಡಿಕೊಂಡೆ. ಅಷ್ಟರಲ್ಲಿ ವೈನಿಯ ತಮ್ಮ ಚರಗದ ಬುಟ್ಟಿ ಹಿಡಿದು, ಬೆಳೆಗೆ ಎಡೆ ಚೆಲ್ಲುತ್ತ, ವಾಡಿಕೆಯಂತೆ ಗಂಟಲು ತೆರೆದು ಕೂಗಿದ. ಕಂಬಳಿಯ ಮೇಲೆ ವೈನಿಯ ಮೈ ಜಿಗಿಯಿತು. ಕೈಗಳು ಎಗರಿದವು, ತಾಟು ಹಾರಿ ಮಣ್ಣಿಗೆ ಬಿತ್ತು. "ಹೆದರಿದ್ಲು, ಹೆದರಿದ್ಲು," ಎಂದು ಎಲ್ಲರೂ ನಕ್ಕರು. ಅಣ್ಣನೂ ನಕ್ಕ. ನಾನು ಬಗ್ಗಿ ಮಣ್ಣಿನಲ್ಲಿ ಬಿದ್ದ ರೊಟ್ಟಿಯ ಚೂರುಗಳನ್ನು ಆರಿಸುತ್ತ ಬಹಳ ಹೊತ್ತು ಮುಖ ಎತ್ತಲಿಲ್ಲ.

ಮರುವಾರವೇ ವೈನಿಯ ಮಾತು ತೊದಲಿತು. ಆಮೇಲೆ ಹೆಸರುಗಳು ಹೋದವು. ಒಂದು ಮಧ್ಯಾಹ್ನ ನಾನು ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತಿದ್ದಾಗ ವೈದ್ಯೆಯ ಫೋನು ಬಂತು. ಅವರು ಸುತ್ತಿಬಳಸಲಿಲ್ಲ. ಪ್ರಯಾನ್ ಇರುವುದು ಖಾತ್ರಿಯಾಗಿತ್ತು. ವಂಶದಿಂದ ಬಂದದ್ದೋ ಅಲ್ಲವೋ ತಿಳಿಯಲು ವೈನಿಯ ರಕ್ತವನ್ನೂ ಕಳಿಸಿದ್ದರು, ಅದರ ಉತ್ತರ ಇನ್ನೂ ಬರಬೇಕಿತ್ತು. ಫೋನು ಇಟ್ಟು ತಿರುಗಿದರೆ ಅಣ್ಣ ಮೆಟ್ಟಿಲ ಬಾಯಲ್ಲಿ ನಿಂತಿದ್ದ. ನಾನು ಹೇಳುವುದೇ ಬೇಕಾಗಲಿಲ್ಲ. ಒದ್ದೆ ಸೀರೆಯ ಮೇಲೆ ಆಗಲೇ ಕರಿ ಧೂಳು ಕೂಡಲು ಹತ್ತಿತ್ತು. ಅವನು ಅದನ್ನು ಕೊಡವಿದ. ಮತ್ತೆ ಕೊಡವಿದ.

"ಆ ಕೋಶ ಅದನ್ನ ತಿಂತಾವ ಅಂತಿದ್ದಿ ನೀ."

"ತಿಂತಾವ ಅಣ್ಣ. ವೈನಿ ತಲಿಯಾಗ ಈಗೂ ತಿನ್ನಾಕತ್ತಾವ."

"ಮತ್ತ?"

"ತಿನ್ನೂದಕ್ಕಿಂತ ಹುಟ್ಟೂದು ಹೆಚ್ಚಾಗೇತಿ. ನನ್ನ ತಟ್ಟ್ಯಾಗಿನ ಕೋಶ ಒಂದು ಎರಡಾಕ್ಕಾವ, ಎರಡು ನಾಕಾಕ್ಕಾವ. ಒಳಗಿನ ಹೊಲಸು ಹಂಚಿ ಹೋಗಿ ಕಡಿಮಿ ಆಕ್ಕೈತಿ, ಉಳದದ್ದನ್ನ ಅವು ಅರಗಿಸ್ಕೊಂತಾವ. ಮೆದುಳಿನ ನರಕೋಶ ಹಂಗ ಹೆಚ್ಚಾಗೂದಿಲ್ಲ. ಬಂದದ್ದು ಅದರಾಗ ಕೂಡ್ತೈತಿ. ಕಾವಲಿನ ಕೋಶ ಎಷ್ಟಂತ ನುಂಗ್ಯಾವು? ನುಂಗಿ ನುಂಗಿ ಅವೂ ಕೆಡ್ತಾವ."

"ಇಷ್ಟೆಲ್ಲಾ ಗೊತ್ತಿದ್ದು ನೀ ಏನೂ ಮಾಡಾಕ ಬರೂದಿಲ್ಲ."

ಅದು ಪ್ರಶ್ನೆಯಾಗಿರಲಿಲ್ಲ. ನಾನು ಇಲ್ಲವೆಂದು ತಲೆಯಾಡಿಸಿದೆ. ಅವನು ಮಾಳಿಗೆಯ ಕಟ್ಟೆಯ ಮೇಲೆ ಕೂತ. ಕಾರ್ಖಾನೆಯ ಹೊಗೆ ಹಿಟ್ನಾಳದ ಕಡೆ ವಾಲುತ್ತಿತ್ತು. ಅದನ್ನೇ ನೋಡುತ್ತ, "ದವಾಖಾನಿ ಸಾಕು. ಮನ್ಯಾಗ ಇರ್ಲಿ," ಎಂದ.

ಓಣಿಯಲ್ಲಿ ಅಷ್ಟೊತ್ತಿಗೆ ಸುದ್ದಿ ಹರಡಿತ್ತು. ಹಿಟ್ನಾಳದಿಂದ ಹೊರಟದ್ದು ಬಾಯಿಂದ ಬಾಯಿಗೆ ಬೆಳೆದು ಬಂದಿತ್ತು: ಗಿರಿಜಕ್ಕನಿಗೆ ಮೆದುಳು ತಿನ್ನುವ ರೋಗ, ಮುಟ್ಟಿದರೆ ಹತ್ತುತ್ತದೆ, ಸೂಜಿ ಕೂಡ ಸುಟ್ಟರಂತೆ, ಸ್ವಂತ ನಾದಿನಿಯೇ ಡಾಕ್ಟರಿಗೆ ಹೇಳಿದಳಂತೆ. ಜಂಪರು ಹೊಲಿಯಲು ಬಟ್ಟೆ ಕೊಟ್ಟವರು ಯಾರೂ ಅದನ್ನು ವಾಪಸು ಒಯ್ಯಲು ಬರಲಿಲ್ಲ. ನಳದ ಹತ್ತಿರ ನಾನು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಹಿಂದೆ ಸರಿಸುವರು. ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಣ್ಣ ಕೂತ ಬೆಂಚು ಖಾಲಿಯಾಗತೊಡಗಿತು. ಒಂದು ಮುಂಜಾನೆ ಬಾಗಿಲು ತೆಗೆದರೆ ಹೊಸ್ತಿಲ ಹೊರಗೆ, ಈ ಗೋಡೆಯಿಂದ ಆ ಗೋಡೆಯವರೆಗೆ ದಪ್ಪಗೆ ಬ್ಲೀಚಿಂಗ್ ಪೌಡರಿನ ಗೆರೆ ಎಳೆದಿದ್ದರು. ಯಾರು ಎಂದು ತಿಳಿಯಲಿಲ್ಲ. ಎದುರು ಕಟ್ಟೆಗಳ ಮೇಲೆ ಕೂತವರೆಲ್ಲ ನಮ್ಮನ್ನೇ ನೋಡುತ್ತಿದ್ದರು.

ನಾನು ಓಣಿಯ ನಡುವೆ ನಿಂತು ಹೇಳಿದೆ: "ಮುಟ್ಟಿದ್ರ ಬರೂದಿಲ್ರಿ ಇದು. ನಾನು ದಿನಾ ಉಣಸ್ತೀನಿ, ಬಾಯಿ ವರಸ್ತೀನಿ. ಬರೂದಿದ್ರ ಮೊದಲ ನನಗ ಬರಬೇಕಲ್ಲ?"

ಒಬ್ಬ ಮುದುಕಿ, "ನೀ ಹೇಳೂದು ಖರೇನ ಇರಬಹುದವಾ, ನಮ್ಮ ಮನ್ಯಾಗ ಸಣ್ಣ ಹುಡುಗ್ರದಾವ," ಎಂದು ಒಳಗೆ ಹೋದಳು. ಅಣ್ಣ ಪೊರಕೆ ತಂದು ಗೆರೆ ಗುಡಿಸಿದ. ಪುಡಿ ಎದ್ದು ಅವನಿಗೆ ಕೆಮ್ಮು ಬಂತು. ಕೆಮ್ಮುತ್ತಲೇ ಗುಡಿಸಿದ.

ಸುದ್ದಿ ಗಂಗಾವತಿಗೂ ಮುಟ್ಟಿತು. ಪೂರ್ಣಿಮಾ ಬರುವುದು ನಿಂತಿತು. ಫೋನಿನಲ್ಲಿ, "ನಮ್ಮತ್ತಿ ಕಳಸವಲ್ರು ಸುಜಾತತ್ತಿ," ಎಂದು ಬಿಕ್ಕಿದಳು. ವೈನಿಗೆ ಹೆಚ್ಚು ದಿನ ಉಳಿದಿಲ್ಲ ಎಂಬುದು ನನಗೆ ಗೊತ್ತಿತ್ತು. ಬಸ್ಸು ಹತ್ತಿ ಗಂಗಾವತಿಗೆ ಹೋದೆ. ಅವಳ ಅತ್ತೆ ಗೌರಮ್ಮ ಅಕ್ಕಿ ವ್ಯಾಪಾರದ ಮನೆಯ ಯಜಮಾನಿ, ಗಟ್ಟಿ ಹೆಂಗಸು. ನನ್ನನ್ನು ಕಟ್ಟೆಯ ಮೇಲೆ ಕೂಡಿಸಿದರು, ಒಳಗೆ ಕರೆಯಲಿಲ್ಲ. ಕುದಿಸಿದ ಭತ್ತದ ವಾಸನೆ ಓಣಿಯಲ್ಲೆಲ್ಲ ತುಂಬಿತ್ತು.

"ಅಕ್ಕಾರ, ಒಂದ ಸಲ ತಾಯಿನ್ನ ನೋಡಿ ಬರ್ಲಿ. ಮುಟ್ಟಿದ್ರ ಹತ್ತೂ ರೋಗ ಅಲ್ಲ ಅದು."

"ನಿಮ್ಮಷ್ಟು ನಾ ಓದಿಲ್ರಿ. ಆದ್ರ ನನ್ನ ಮನ್ಯಾಗ ಬಸುರಿ ಅದಾಳ. ಮುಟ್ಟಿದ್ರ ಬರೂದಿಲ್ಲಂತ ಖಾತ್ರಿ ಹೇಳ್ತೀರಿ?"

"ಖಾತ್ರಿ ಹೇಳ್ತೀನಿ."

"ವಂಶದಾಗ ಬರತೈತೇನು?"

ಅಲ್ಲಿ ನಾನು ತಡೆದೆ. ಸುಳ್ಳು ಹೇಳಬಹುದಿತ್ತು, ಹೇಳಿದ್ದರೆ ಬಾಗಿಲು ತೆರೆಯುತ್ತಿತ್ತೇನೋ. "ಹೆಚ್ಚಾಗಿ ಬರೂದಿಲ್ರಿ. ಎಲ್ಲೋ ಅಪರೂಪಕ್ಕ ಕೆಲವು ಮನೆತನದಾಗ ಬರತೈತಿ. ವೈನಿ ತವರಿನ್ಯಾಗ ಹಿಂಗ ಆದವ್ರು ಯಾರೂ ಇಲ್ಲ. ರಕ್ತ ಕಳಿಸೇವಿ, ಉತ್ತರ ಬರಬೇಕು."

ಗೌರಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು. "ಹಂಗಾರ ನಿಮಗೂ ಗೊತ್ತಿಲ್ಲ."

"ಅದೊಂದು ಗೊತ್ತಿಲ್ಲ."

"ಹೆರಿಗಿ ಆಗ್ಲಿ. ಆಮ್ಯಾಲೆ ನೋಡೋಣ."

ಬಾಗಿಲ ಹಿಂದೆ ಪೂರ್ಣಿಮಾ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ನನ್ನ ಕೈ ಹಿಡಿದು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇದಕ್ಕೇನರ ಆಕ್ಕೈತೇನ್ರಿ ಸುಜಾತತ್ತಿ?" ಒಳಗೆ ಕೂಸು ಮಿಸುಕಿತು. "ಇಲ್ಲವಾ, ಆಗೂದಿಲ್ಲ," ಎಂದೆ. ಉತ್ತರ ಬರುವವರೆಗೆ ಆ ಮಾತು ಹೇಳುವ ಹಕ್ಕು ನನಗಿರಲಿಲ್ಲ, ಆದರೂ ಹೇಳಿದೆ. ವಾಪಸು ಬರುವಾಗ ಕಾಲುವೆಯ ಗುಂಟ ಬೇಸಿಗೆ ಭತ್ತಕ್ಕೆ ನಾಟಿ ನಡೆದಿತ್ತು. ಬಸ್ಸಿನ ಕಿಟಕಿಯಿಂದ ನಾನು ಅದನ್ನೆಲ್ಲ ನೋಡಿದೆ, ಒಂದೂ ಕಣ್ಣಿಗೆ ಹತ್ತಲಿಲ್ಲ.

ಸಂಕ್ರಾಂತಿ ಯಾವಾಗ ಬಂತು ಯಾವಾಗ ಹೋಯಿತು ಗೊತ್ತಾಗಲಿಲ್ಲ. ವೈನಿ ಮಾತು ಬಿಟ್ಟರು, ನಡೆಯುವುದು ಬಿಟ್ಟರು. ಕಣ್ಣು ತೆರೆದಿರುತ್ತಿತ್ತು, ಆದರೆ ಯಾರನ್ನೂ ಹಿಂಬಾಲಿಸುತ್ತಿರಲಿಲ್ಲ. ಗಂಜಿಯನ್ನು ಚಮಚೆಯಿಂದ ಹನಿ ಹನಿಯಾಗಿ ಹಾಕಬೇಕು, ನುಂಗಿದರೋ ಇಲ್ಲವೋ ಗಂಟಲ ಮೇಲೆ ಬೆರಳಿಟ್ಟು ನೋಡಬೇಕು. ಮೈ ಮಾತ್ರ ಸಪ್ಪಳಕ್ಕೆ ಜಿಗಿಯುತ್ತಿತ್ತು. ಪಾಳಿ ಬದಲಾಗುವಾಗ ಕಾರ್ಖಾನೆಯ ಸೈರನ್ ಕೂಗಿದರೆ ಇಡೀ ಹಾಸಿಗೆ ಅದುರುವುದು. ಯಾರೂ ಒಯ್ಯದೆ ಬಿಟ್ಟ ಜಂಪರಿನ ಬಟ್ಟೆಗಳನ್ನು ಅಣ್ಣ ಸುರುಳಿ ಸುತ್ತಿ ಕಿಟಕಿಯ ಸಂದಿಗೆ, ಬಾಗಿಲ ಕೆಳಗೆ ತುರುಕಿದ. ಬಣ್ಣ ಬಣ್ಣದ ಬಟ್ಟೆ. ಸೈರನ್ನಿನ ಹೊತ್ತಿಗೆ ಮನೆಯಲ್ಲಿದ್ದರೆ, ತನ್ನ ಎರಡೂ ಅಂಗೈಗಳಿಂದ ವೈನಿಯ ಕಿವಿ ಮುಚ್ಚಿ ಹಿಡಿದು ಕೂಡುವನು. ಕಬ್ಬಿಣ ಎತ್ತಿ ಇಳಿಸುವ ಕೈ. ಆ ಕೈಯೊಳಗೆ ಅವರ ಮುಖ ಸಣ್ಣದಾಗಿ ಕಾಣುವುದು.

ಅವರ ಪಕ್ಕದಲ್ಲಿ ಕೂತಾಗ ನಾನು ಬೇಡವೆಂದರೂ ಆ ಕೋಶಗಳನ್ನೇ ನೆನೆಯುತ್ತಿದ್ದೆ. ಈ ಹಣೆಯ ಒಳಗೆ ಈಗಲೂ ಅವು ದುಡಿಯುತ್ತಿವೆ, ಒಂದೊಂದೇ ಎಳೆಯನ್ನು ನುಂಗುತ್ತಿವೆ, ಕತ್ತರಿಸುತ್ತಿವೆ. ಗೆಲ್ಲುವುದಿಲ್ಲವೆಂದು ಅವಕ್ಕೆ ಯಾರೂ ಹೇಳಿಲ್ಲ. ಸ್ಟೆರಾಯ್ಡ್ ಕೊಟ್ಟ ದಿನಗಳಲ್ಲಿ ಅವುಗಳ ಕೈ ತಡೆದದ್ದು ಸರಿಯೋ ತಪ್ಪೋ ಎಂದು ಒಂದೇ ಸಮನೆ ತಲೆಯಲ್ಲಿ ಕೊರೆಯುತ್ತಿತ್ತು. ಕೊಡದೇ ಇದ್ದಿದ್ದರೆ ಆ ಎಳ್ಳಮಾವಾಸ್ಯೆಯೂ ಇರುತ್ತಿರಲಿಲ್ಲವಲ್ಲ ಎಂದು ನನಗೆ ನಾನೇ ಉತ್ತರ ಹೇಳಿಕೊಳ್ಳುತ್ತಿದ್ದೆ. ಔಷಧದಿಂದಲೇ ಆ ಒಳ್ಳೆಯ ದಿನಗಳು ಬಂದವೆಂದು ಕೂಡ ಖಚಿತವಾಗಿ ಹೇಳಲು ಬರುವುದಿಲ್ಲ.

ಮಾಘದ ಒಂದು ಮುಂಜಾನೆ, ಬಿಸಿಲು ಅಂಗಳಕ್ಕೆ ಇಳಿಯುವ ಹೊತ್ತಿಗೆ, ವೈನಿ ಉಸಿರು ಬಿಟ್ಟರು. ಅಣ್ಣನ ಕೈ ಅವರ ಕಿವಿಯ ಮೇಲೇ ಇತ್ತು.

ನಮ್ಮಲ್ಲಿ ಮಣ್ಣಿಗೆ ಒಯ್ಯುವ ಮೊದಲು ಜಳಕ ಮಾಡಿಸಬೇಕು. ಹೆಣ್ಣುಮಕ್ಕಳಿಗೆ ಹೆಂಗಸರೇ ಮಾಡಿಸಬೇಕು. ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ಕೆಲವರು ಅಳುತ್ತಲೂ ಇದ್ದರು. ಯಾರೂ ಹೊಸ್ತಿಲು ದಾಟಲಿಲ್ಲ. ಅಣ್ಣ ಹಂಡೆಗೆ ಬೆಂಕಿ ಹಾಕಿದ. ನೀರು ಕಾದಿತು. ಒಬ್ಬಳೇ ಹೇಗೆ ಎತ್ತಿ ಕೂಡಿಸಲಿ ಎಂದು ನಾನು ವೈನಿಯ ಪಕ್ಕ ನಿಂತಿದ್ದಾಗ ಹೊರಗೆ ಗಾಡಿಯೊಂದು ನಿಂತ ಸಪ್ಪಳವಾಯಿತು.

ಪೂರ್ಣಿಮಾ ಇಳಿದಳು. ತುಂಬಿದ ಬಸುರಿ ಹೆಣದ ಮನೆಗೆ ಬರಬಾರದೆಂಬ ಮಾತು ಬೇರೆ ಇದೆ. ಅವಳ ಹಿಂದೆ ಗೌರಮ್ಮ. ಮೂಗಿಗೆ ಮಾಸ್ಕು, ಕೈಯಲ್ಲಿ ಔಷಧಿ ಅಂಗಡಿಯ ಚೀಲ.

"ನೀವು ಫೋನ್ ಮಾಡಿದಾಗಿಂದ ಬಾಗಲದಾಗ ಕುಂತಬಿಟ್ಟಾಳ್ರಿ," ಎಂದರು ನನಗೆ. "ನೀರಿಲ್ಲ, ಕೂಳಿಲ್ಲ. ತಾಯಿ ಮಾರಿ ನೋಡಬ್ಯಾಡ ಅನ್ನಾಕ ನಾ ಯಾವ ದೊಡ್ಡಾಕಿ?" ಒಳಗೆ ಕಣ್ಣು ಹಾಯಿಸಿದರು. "ಜಳಕಕ್ಕ ಯಾರದಾರ?"

"ನಾನೊಬ್ಬಾಕಿ."

ಅವರು ಚೀಲದಿಂದ ರಬ್ಬರಿನ ಕೈಗವಸು ತೆಗೆದು ಹಾಕಿಕೊಂಡರು, ಸೆರಗು ಸಿಕ್ಕಿಸಿದರು. ನಾನು ಹೆಗಲು ಹಿಡಿದೆ, ಅವರು ಕಾಲು ಹಿಡಿದರು. ಗೋಡೆಗೆ ಆನಿಸಿ ಕೂಡಿಸಿ ನೀರು ಹಾಕಿದೆವು. ಗೌರಮ್ಮನ ಕೈ ಮೊದಲು ಹಿಂಜರಿಯುತ್ತಿತ್ತು, ಬೆರಳ ತುದಿಯಿಂದ ಮುಟ್ಟಿ ತೆಗೆಯುತ್ತಿದ್ದರು. ಬೆನ್ನು ತೊಳೆಯುವಾಗ ಎಲುಬು ಕೈಗೆ ಹತ್ತಿತೇನೋ, "ಅಯ್ಯ ಶಿವನ, ಎಷ್ಟ ಸೊರಗ್ಯಾಳ," ಎಂದರು. ಮೈ ಒರೆಸಿ ಹೊಸ ಸೀರೆ ಉಡಿಸಿದೆವು. ಹೆರಳು ಹಾಕಲು ಕೂತಾಗ ಕೂದಲು ಕೈಗವಸಿಗೆ ಅಂಟಿ ಅಂಟಿ ಬಂತು. ಗೌರಮ್ಮ ಮತ್ತೆ ಯತ್ನಿಸಿದರು, ಮತ್ತೆ ಅಂಟಿತು. ಆಮೇಲೆ ಎರಡೂ ಗವಸು ಕಿತ್ತು ಬದಿಗೆ ಒಗೆದರು.

"ಇದನ್ನ ಹಾಕ್ಕೊಂಡು ಹೆರಳು ಬರೂದಿಲ್ಲ. ಎಣ್ಣಿ ತರ್ರಿ."

ಪೂರ್ಣಿಮಾ ಎದುರಿಗೆ ಕೂತು ತಾಯಿಯ ಕಾಲು ಹಿಡಿದುಕೊಂಡಿದ್ದಳು. ಗೌರಮ್ಮ ಬರಿಗೈಯಲ್ಲಿ ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ನಿಧಾನವಾಗಿ ಹೆಣೆದರು. ಓಣಿಯವರಲ್ಲಿ ಕೆಲವರು ಆಗ ಒಳಗೆ ಬಂದರು, ಕೆಲವರು ಬರಲಿಲ್ಲ.

ವೈನಿಯ ರಕ್ತದ ವರದಿ ಬಂದದ್ದು ಮುಂದೆ, ಬೇಸಿಗೆ ಏರಿದ ಮೇಲೆ. ವಂಶದ ದೋಷ ಇರಲಿಲ್ಲ. ಪೂರ್ಣಿಮಾ ಹೆಣ್ಣು ಹೆತ್ತಳು, ಹುಡುಗಿ ಈಗ ಸಾಲಿಗೆ ಹೋಗುತ್ತಾಳೆ. ಆದರೆ ಮಣ್ಣು ಮುಗಿಸಿ ಬಂದ ಆ ಸಂಜೆ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ವೈನಿಯ ತಮ್ಮನ ಮನೆಯಿಂದ ಅನ್ನ, ಸಾರು ಬಂದಿತ್ತು. ಪೂರ್ಣಿಮಾ ಗೋಡೆಗೆ ಒರಗಿ ಕೂತಿದ್ದಳು, ತಾಟು ಮುಂದಿಟ್ಟರೂ ಕೈ ಎತ್ತಲಿಲ್ಲ. ಗೌರಮ್ಮ ಜಳಕ ಮುಗಿಸಿ ಬಂದರು. ಸೊಸೆಯ ಮುಂದೆ ಕೂತು ಅನ್ನಕ್ಕೆ ಕೈ ಹಾಕಲು ಹೋದವರು ತಡೆದು, ಆ ಕೈಯನ್ನು ಒಮ್ಮೆ ನೋಡಿಕೊಂಡು, ನನ್ನ ಕಡೆ ತಿರುಗಿದರು.

"ಈ ಕೈಲೆ ಉಣಸಲೇನ್ರಿ?"

"ಉಣಸ್ರಿ ಅಕ್ಕಾರ," ಎಂದೆ.

ಅವರು ಅನ್ನ ಕಲಸಿ ತುತ್ತು ಮಾಡಿದರು. ಪೂರ್ಣಿಮಾ ಬಾಯಿ ತೆರೆದಳು.